ರಥಕಾರನ ಅಧಿಕಾರ

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಎಂಬ ಮೂರು ಸ್ಥಳಗಳು ಈಗ ಕನ್ನಡನಾಡಿನ ಯಾವ ಮೂಲೆಯ ಮನೆಗೂ ಅಪರಿಚಿತವಲ್ಲ. ಮನೆಯ ಹುಡುಗನೊಬ್ಬನು ಓದು ಮುಗಿಸಿದನೆಂದರೆ ಆ ಮೂರರಲ್ಲೊಂದರ ಹೆಸರು ಜಗಲಿಯ ಮೇಲೆ ಕೇಳಿಬರುತ್ತದೆ. ಹುಡುಗನು ಇಂಜಿನಿಯರಿಂಗ್ ಓದಿದವನಾದರೆ ಮಾತು ಸುಲಭ. ಬಿ.ಎ. ಅಥವಾ ಬಿ.ಕಾಂ. ಮುಗಿಸಿ, ನಾಲ್ಕಾರು ವರ್ಷ ಅಂಗಡಿಯ ಲೆಕ್ಕವನ್ನೋ ಶಾಲೆಯ ಪಾಠವನ್ನೋ ನೋಡಿಕೊಂಡಿದ್ದವನು, ರಾತ್ರಿಯ ಹೊತ್ತು ತಾನೇ ಕುಳಿತು ಕಲಿತು, ಯಂತ್ರದ ಅಥವಾ ಕಂಪ್ಯೂಟರಿನ ಕೆಲಸಕ್ಕೆ ಹೋಗುವೆನೆಂದು ಹೊರಟರೆ ಮಾತು ಅಷ್ಟು ಸುಲಭವಾಗಿರುವುದಿಲ್ಲ. "ಅದಕ್ಕೆಂದೇ ಓದಿದವರು ಬೇರೆ ಇದ್ದಾರಲ್ಲಪ್ಪ, ನಿನಗೆಲ್ಲಿಯ ಅಧಿಕಾರ?" ಎಂದು ಹಿರಿಯರು ಕೇಳುತ್ತಾರೆ. ಆ ಮಾತಿನಲ್ಲಿ ವಾತ್ಸಲ್ಯವೂ ಭಯವೂ ಬೆರೆತಿರುವುದು ನಿಜ. ಕೈಯಲ್ಲಿರುವ ಸಂಬಳವನ್ನು ಬಿಟ್ಟು ಕಾಣದ ಸಂಬಳವನ್ನು ಅರಸುವುದು ಗೃಹಸ್ಥರಿಗೆ ಒಪ್ಪುವ ಸಂಗತಿಯಲ್ಲ. ಆದರೂ ಹಿರಿಯರು ಕೇಳಿದ್ದು ಯಥಾರ್ಥವಾದ ಪ್ರಶ್ನೆ. ವಾತ್ಸಲ್ಯವನ್ನೂ ಭಯವನ್ನೂ ಒತ್ತಟ್ಟಿಗಿಟ್ಟು ಅದನ್ನು ಪ್ರಶ್ನೆಯಾಗಿಯೇ ತೆಗೆದುಕೊಂಡು ವಿಚಾರಿಸುವುದು ಅಪ್ರಕೃತವಾಗಲಾರದು.

ಅಧಿಕಾರವೆಂಬ ಮಾತು ಈಗ ಕಚೇರಿಯ ಮಾತಾಗಿ ಹೋಗಿದೆ. ಪೂರ್ವಮೀಮಾಂಸೆಯಲ್ಲಿ ಅದಕ್ಕೆ ಬೇರೊಂದು ಅರ್ಥವುಂಟು. ಒಂದು ಕರ್ಮವನ್ನು ಮಾಡಿ ಅದರ ಫಲವನ್ನು ಹೊಂದಲು ಯಾರು ಯೋಗ್ಯರು ಎಂಬ ನಿರ್ಣಯವೇ ಅಲ್ಲಿ ಅಧಿಕಾರನಿರ್ಣಯ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯವು ಈ ವಿಚಾರಕ್ಕೇ ಮೀಸಲಾಗಿದೆ. ಫಲದಲ್ಲಿ ಅಪೇಕ್ಷೆಯಿರಬೇಕು, ಕರ್ಮವನ್ನು ನಿರ್ವಹಿಸುವ ಸಾಮರ್ಥ್ಯವಿರಬೇಕು, ಅದಕ್ಕೆ ಬೇಕಾದ ವಿದ್ಯೆಯಿರಬೇಕು, ಶಾಸ್ತ್ರವು ಅವನನ್ನು ಹೊರಗಿಟ್ಟಿರಕೂಡದು. ಇವಿಷ್ಟೂ ಕೂಡಿದರೆ ಅಧಿಕಾರವುಂಟಾಗುತ್ತದೆಂದು ಆ ಶಾಸ್ತ್ರದವರು ಹೇಳುತ್ತಾರೆ. ಗಮನಿಸಬೇಕಾದದ್ದೇನೆಂದರೆ, ಈ ಪಟ್ಟಿಯಲ್ಲಿ ವಿದ್ಯೆಯಿದೆ, ವಿದ್ಯೆಗೆ ಸಾಕ್ಷಿಯಾದ ಪತ್ರವಿಲ್ಲ. ಪತ್ರವು ವಿದ್ಯೆಗೆ ಲಿಂಗ, ಹೊಗೆಯು ಬೆಂಕಿಗೆ ಲಿಂಗವಾಗಿರುವಂತೆ. ಹೊಗೆಯಿಲ್ಲದ ಬೆಂಕಿಯುಂಟೆಂಬುದನ್ನು ಕಾದ ಕಬ್ಬಿಣದ ಗುಂಡನ್ನು ತೋರಿಸಿ ತಾರ್ಕಿಕರು ಮಕ್ಕಳಿಗೂ ಕಲಿಸುತ್ತಾರೆ. ಮುಂಜಾನೆಯ ಮಂಜನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿದವನು ಮೋಸಹೋಗುವುದೂ ಉಂಟು. ನಾಲ್ಕು ವರ್ಷ ಕಾಲೇಜಿಗೆ ಹೋಗಿ ಪದವಿಯನ್ನು ತಂದವರಲ್ಲಿ ಎಷ್ಟೋ ಮಂದಿಗೆ ಮತ್ತೆ ತಿಂಗಳುಗಟ್ಟಲೆ ಪಾಠ ಹೇಳಿಯೇ ಕೆಲಸಕ್ಕೆ ಹಚ್ಚುವ ಸಂಪ್ರದಾಯ ದೊಡ್ಡ ಸಾಫ್ಟ್‌ವೇರ್ ಸಂಸ್ಥೆಗಳಲ್ಲಿ ಬಹುಕಾಲದಿಂದಿದೆ. ಹೊಗೆಯ ಮೇಲೆ ಪೂರ್ಣ ವಿಶ್ವಾಸವು ಆ ಸಂಸ್ಥೆಗಳಿಗೂ ಇಲ್ಲವೆಂದು ಇದರಿಂದ ತಿಳಿಯುತ್ತದೆ.

ಈ ಅಧಿಕಾರವಿಚಾರದಲ್ಲಿ ಒಂದು ದುಃಖದ ಭಾಗವೂ ಇದೆ; ಅದನ್ನು ಮರೆಮಾಚುವುದು ನ್ಯಾಯವಲ್ಲ. ಅದೇ ಪಾದದಲ್ಲಿ ಶೂದ್ರನಿಗೆ ಯಜ್ಞದ ಅಧಿಕಾರವಿಲ್ಲವೆಂದು ತೀರ್ಮಾನವಾಗಿದೆ. ಕಾರಣವನ್ನು ಕೇಳಿದರೆ, ಅವನಿಗೆ ಉಪನಯನವಿಲ್ಲ, ಉಪನಯನವಿಲ್ಲದ್ದರಿಂದ ಅಧ್ಯಯನವಿಲ್ಲ, ಅಧ್ಯಯನವಿಲ್ಲದ್ದರಿಂದ ವಿದ್ಯೆಯಿಲ್ಲ, ವಿದ್ಯೆಯಿಲ್ಲದ್ದರಿಂದ ಅಧಿಕಾರವಿಲ್ಲ. ಬಾಗಿಲನ್ನು ಹಾಕಿಕೊಂಡವರೇ "ಇವನು ಒಳಗೆ ಬಂದವನಲ್ಲ" ಎಂದು ದೂರಿದ ಹಾಗಾಯಿತು. ಶಾಸ್ತ್ರದಲ್ಲಿ ಎಷ್ಟು ಗೌರವವಿದ್ದರೂ ಈ ವಾದವು ನ್ಯಾಯಬುದ್ಧಿಗೆ ಒಪ್ಪಿಗೆಯಾಗುವುದು ಕಷ್ಟ. ಇದನ್ನು ಇಲ್ಲಿ ಹೇಳಿದ್ದೇತಕ್ಕೆಂದರೆ, ಶಾಸ್ತ್ರವನ್ನು ಹಳೆಯದೆಂದು ನಗುವ ನವೀನರ ಕಚೇರಿಗಳಲ್ಲಿಯೂ ಇದೇ ಚಕ್ರ ತಿರುಗುತ್ತಿದೆ. "ಎರಡು ವರ್ಷದ ಅನುಭವವುಳ್ಳವರು ಮಾತ್ರ ಅರ್ಜಿ ಹಾಕತಕ್ಕದ್ದು" ಎಂದು ಪ್ರಕಟನೆ. ಕೆಲಸ ಕೊಟ್ಟವರಿಲ್ಲದೆ ಅನುಭವವಿಲ್ಲ, ಅನುಭವವಿಲ್ಲದೆ ಕೆಲಸ ಕೊಡುವವರಿಲ್ಲ. ಪದವಿಯುಳ್ಳವನಿಗೆ ಈ ಚಕ್ರದಲ್ಲಿ ಒಂದು ಕಡೆ ಕಿಂಡಿಯಿದೆ. ಕಾಲೇಜಿನ ಅಂಗಳಕ್ಕೇ ಬಂದು ಅವನನ್ನು ಆರಿಸಿಕೊಳ್ಳುತ್ತಾರೆ. ಪದವಿಯಿಲ್ಲದವನಿಗೆ, ಅದರಲ್ಲಿಯೂ ವಯಸ್ಸು ಮೂವತ್ತನ್ನು ದಾಟಿದವನಿಗೆ, ಅದೂ ಇಲ್ಲ. ಮದುವೆ, ಬಾಣಂತನಗಳಿಂದಾಗಿ ಕೆಲವು ವರ್ಷ ಮನೆಯಲ್ಲಿದ್ದು ಹೊಸ ಕಸಬನ್ನು ಕಲಿತು ಹೊರಟ ಹೆಂಗಸರ ಪಾಡೂ ಇದೇ.

ಆದರೆ ಮೀಮಾಂಸಕರು ಬಾಗಿಲನ್ನು ಮುಚ್ಚಿದ ಆ ಪಾದದಲ್ಲಿಯೇ ಒಂದು ಬಾಗಿಲನ್ನು ತೆರೆಯಲೂ ಬೇಕಾಯಿತು. ತೆರೆದದ್ದು ರಥಕಾರನಿಗಾಗಿ. ಬ್ರಾಹ್ಮಣನು ವಸಂತದಲ್ಲಿ, ಕ್ಷತ್ರಿಯನು ಗ್ರೀಷ್ಮದಲ್ಲಿ, ವೈಶ್ಯನು ಶರತ್ತಿನಲ್ಲಿ ಅಗ್ನ್ಯಾಧಾನವನ್ನು ಮಾಡಬೇಕೆಂದು ವಿಧಿಸಿದ ಶ್ರುತಿಯು, ರಥಕಾರನು ಮಳೆಗಾಲದಲ್ಲಿ ಮಾಡಬೇಕೆಂದೂ ಹೇಳಿದೆ. ಈ ರಥಕಾರನು ಯಾರು? ಮೂರು ವರ್ಣದವರಲ್ಲಿಯೇ ರಥವನ್ನು ಮಾಡಿ ಬದುಕುವವನು ಎಂದು ಪೂರ್ವಪಕ್ಷಿ ಹೇಳುತ್ತಾನೆ. ರಥವನ್ನು ಮಾಡುವವನು ರಥಕಾರ, ಇದು ಶಬ್ದದ ಅವಯವದಿಂದ ಬರುವ ಅರ್ಥ. ಸಿದ್ಧಾಂತಿಯು ಇದನ್ನು ಒಪ್ಪುವುದಿಲ್ಲ. ಅವನ ಮತದಲ್ಲಿ, ಲೋಕದಲ್ಲಿ ರೂಢಿಯಾಗಿರುವ ಅರ್ಥವು ಅವಯವದ ಅರ್ಥಕ್ಕಿಂತ ಬಲವಾದದ್ದು. ರಥಕಾರನೆಂದರೆ ಆ ಹೆಸರಿನ ಒಂದು ಪ್ರತ್ಯೇಕ ಕುಲದವನು. ಮೂರು ವರ್ಣಕ್ಕೂ ಸೇರದವನು. ಹಾಗಾದರೆ ಉಪನಯನವಿಲ್ಲದ, ವೇದವನ್ನು ಓದದ ಅವನಿಗೆ ಮಂತ್ರಗಳು ಎಲ್ಲಿಂದ ಬಂದಾವು? ಕರ್ಮವನ್ನು ವಿಧಿಸಿದ ಮೇಲೆ ಆ ಕರ್ಮಕ್ಕೆ ಬೇಕಾಗುವಷ್ಟು ವಿದ್ಯೆಯನ್ನು ಪಡೆಯುವುದಕ್ಕೂ ಅದೇ ವಿಧಿಯೇ ಅನುಮತಿ ಕೊಟ್ಟಂತಾಯಿತೆಂದು ಸಮಾಧಾನ. ಮೊದಲು ವಿದ್ಯೆ, ಆಮೇಲೆ ಕರ್ಮ ಎಂಬ ಸಾಮಾನ್ಯಕ್ರಮವು ಇಲ್ಲಿ ತಿರುಗುಮುರುಗಾಯಿತು. ಕೈಕಸಬಿನವನೊಬ್ಬನಿಗಾಗಿ ಶಾಸ್ತ್ರವು ಇಷ್ಟು ದೂರ ಬಾಗಿದ್ದು ಸಣ್ಣ ಸಂಗತಿಯಲ್ಲ.

ಈಗಿನ ಕಾಲದಲ್ಲಿ "ಇಂಜಿನಿಯರು" ಎಂಬ ಶಬ್ದಕ್ಕೂ ಇದೇ ವಿವಾದವು ಪ್ರಾಪ್ತವಾಗಿದೆ. ಯಂತ್ರವನ್ನು ಕಟ್ಟಿ ನಡೆಸುವವನೆಲ್ಲ ಇಂಜಿನಿಯರೋ, ಅಥವಾ ಆ ಹೆಸರಿನ ಪದವಿಯನ್ನು ಪಡೆದ ಕುಲದವನು ಮಾತ್ರವೋ? ಜಾತಕ ನೋಡಲು ಬಂದವರ ಲೆಕ್ಕದಲ್ಲಿ ರೂಢಿಯೇ ಗೆಲ್ಲುತ್ತದೆ. ವೈಟ್‌ಫೀಲ್ಡಿನ ಕಚೇರಿಗಳಲ್ಲಿ ಅವಯವಾರ್ಥವು ಗೆದ್ದ ನಿದರ್ಶನಗಳು ಬೇಕಾದಷ್ಟು. ನ್ಯಾಯಸ್ಥಾನದ ಒಂದು ತೀರ್ಪು ಇಲ್ಲಿ ನೆನಪಿಗೆ ಬರುತ್ತದೆ. ೧೯೭೨ರ ಆರ್ಕಿಟೆಕ್ಟರ ಶಾಸನವು ನೋಂದಣಿಯಿಲ್ಲದವನು "ಆರ್ಕಿಟೆಕ್ಟ್" ಎಂದು ಹೆಸರಿಟ್ಟುಕೊಳ್ಳುವುದನ್ನು ನಿಷೇಧಿಸುತ್ತದೆಯೇ ಹೊರತು ಆ ಕೆಲಸವನ್ನು ಮಾಡುವುದನ್ನು ನಿಷೇಧಿಸುವುದಿಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ನಿರ್ಣಯಿಸಿತು. ಹೆಸರು ಬೇರೆ, ಕೆಲಸ ಬೇರೆ ಎಂಬ ಈ ಭೇದವನ್ನು ಮೀಮಾಂಸಕರು ಕೇಳಿದ್ದರೆ ಸಂತೋಷಪಡುತ್ತಿದ್ದರು. ವೈದ್ಯನಿಗೂ ವಕೀಲನಿಗೂ ಕೆಲಸವನ್ನೇ ತಡೆಯುವ ಶಾಸನಗಳಿವೆ. ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವನಿಗೂ ಲೇತಿನ ಮುಂದೆ ನಿಲ್ಲುವವನಿಗೂ ಅಂಥ ತಡೆಯಿಲ್ಲ. ಆದಕಾರಣ ಅವರ ವಿಷಯದಲ್ಲಿ ಕಾನೂನಿನ ಪ್ರಶ್ನೆ ಏಳುವುದೇ ಇಲ್ಲ. ಉಳಿದದ್ದು ಧರ್ಮದ ಪ್ರಶ್ನೆ.

ಲಕ್ಷ್ಯವು ಮೊದಲು, ಲಕ್ಷಣವು ಆಮೇಲೆ ಎಂಬುದು ವೈಯಾಕರಣರ ಮಾತು. ಜನರು ಮಾತನಾಡಿದ ಮೇಲೆ ಪಾಣಿನಿಯು ಸೂತ್ರವನ್ನು ಬರೆದನು. ಮಡಕೆ ಬೇಕಾದವನು ಕುಂಬಾರನ ಮನೆಗೆ ಹೋಗುವ ಹಾಗೆ ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗುವುದಿಲ್ಲವೆಂದು ಪತಂಜಲಿಯು ಮಹಾಭಾಷ್ಯದ ಆದಿಯಲ್ಲಿ ವಿನೋದವಾಗಿ ಹೇಳಿದ್ದಾನೆ. ಯಂತ್ರವಿದ್ಯೆಯ ಚರಿತ್ರೆಯೂ ಹೀಗೆಯೇ ನಡೆದಿದೆ. ಕಂಪ್ಯೂಟರಿನ ಮೊದಲ ಪ್ರೋಗ್ರಾಮುಗಳನ್ನು ಬರೆದವರಲ್ಲಿ ಯಾರಿಗೂ ಕಂಪ್ಯೂಟರಿನ ಪದವಿಯಿರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅವರು ಗಣಿತದವರು, ಭೌತವಿಜ್ಞಾನದವರು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ೩೩೨ ಎಕರೆ ನೆಲದಲ್ಲಿ ೧೯೭೮ರಲ್ಲಿ ಕಿಯೋನಿಕ್ಸ್ ಸಂಸ್ಥೆಯು ಆರ್. ಕೆ. ಬಾಳಿಗರ ಕನಸಿನಂತೆ ಎಲೆಕ್ಟ್ರಾನಿಕ್ ಸಿಟಿಗೆ ತಳಹದಿ ಹಾಕಿದಾಗ, ಇಂದು ಅಲ್ಲಿ ನಡೆಯುತ್ತಿರುವ ಕೆಲಸಗಳಲ್ಲಿ ಹೆಚ್ಚಿನವುಗಳಿಗೆ ಹೆಸರೇ ಹುಟ್ಟಿರಲಿಲ್ಲ. (ಅಗ್ರಹಾರವೆಂಬ ಹೆಸರಿನ ಊರಿನಲ್ಲಿಯೇ ಹೊಸ ವಿದ್ಯೆಯ ಅಧಿಕಾರದ ಜಗಳ ಹುಟ್ಟಿದ್ದು ವಿಧಿಯ ವಿನೋದವೆನ್ನಬೇಕು.) ಪೀಣ್ಯದ ಕಥೆಯೂ ಬೇರೆಯಲ್ಲ. ಹತ್ತಿರದ ಜಾಲಹಳ್ಳಿಯಲ್ಲಿ ೧೯೫೩ರಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದವು. ಅಲ್ಲಿ ಅಪ್ರೆಂಟಿಸರಾಗಿ ಸೇರಿ ಕೈ ಪಳಗಿಸಿಕೊಂಡವರಲ್ಲಿ ಹಲವರು ಮುಂದೆ ಪೀಣ್ಯದ ಸಣ್ಣ ಷೆಡ್ಡುಗಳಲ್ಲಿ ಒಂದೆರಡು ಲೇತುಗಳನ್ನಿಟ್ಟುಕೊಂಡು ಯಜಮಾನರಾದರು.

ಇದಕ್ಕೂ ಹಿಂದಿನ ಕಾಲದ ಒಂದು ದೃಷ್ಟಾಂತವು ಬೆಳಗಾವಿ ಸೀಮೆಯದು. ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಾರರಾಗಬೇಕೆಂದು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿದರು. ಕೆಲವು ಬಣ್ಣಗಳ ಭೇದವು ಅವರ ಕಣ್ಣಿಗೆ ಕಾಣುವುದಿಲ್ಲವೆಂದು ಅಲ್ಲಿ ಗೊತ್ತಾಯಿತು. ಬಣ್ಣವು ಕೈಬಿಟ್ಟಿತು, ಗೆರೆಯು ಬಿಡಲಿಲ್ಲ. ಯಂತ್ರಗಳ ನಕ್ಷೆಯನ್ನು ಬರೆಯುವುದನ್ನು ಕಲಿತು, ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಅದನ್ನೇ ಪಾಠ ಹೇಳುವ ಅಧ್ಯಾಪಕರಾದರು. ಅಲ್ಲಿಯ ಕಾರ್ಯಶಾಲೆಯ ಯಂತ್ರಗಳನ್ನು ಬಿಚ್ಚಿ, ಜೋಡಿಸಿ, ಕೈಯಾರೆ ತಿಳಿದುಕೊಂಡರು. ಬರಬೇಕಾಗಿದ್ದ ಬಡ್ತಿಯು ಬೇರೆಯವನ ಪಾಲಾದಾಗ ಕೆಲಸವನ್ನು ಬಿಟ್ಟು ಬೆಳಗಾವಿಗೆ ಬಂದರು. ೧೮೮೮ರಲ್ಲಿ ಆರಂಭವಾದ ಸೈಕಲ್ ವ್ಯಾಪಾರ, ಆಮೇಲೆ ಮೇವು ಕತ್ತರಿಸುವ ಯಂತ್ರ, ಅದರ ಮೇಲೆ ಕಬ್ಬಿಣದ ನೇಗಿಲು. ಕಬ್ಬಿಣವು ನೆಲಕ್ಕೆ ವಿಷವಾಗುತ್ತದೆಂದು ಒಕ್ಕಲಿಗರು ನಂಬಿದ್ದರಿಂದ ನೇಗಿಲುಗಳು ಬಹುದಿನ ಮಾರಾಟವಾಗದೆ ಕುಳಿತವು. ಬೆಳಗಾವಿಯಲ್ಲಿ ಕಾರ್ಖಾನೆಯ ಜಾಗವು ಕೈತಪ್ಪಲು, ಔಂಧ ಸಂಸ್ಥಾನದ ಅರಸರ ಆಶ್ರಯದಲ್ಲಿ ೧೯೧೦ರಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಈ ಮಹನೀಯರಿಗೆ ಇಂಜಿನಿಯರಿಂಗ್ ಪದವಿಯಿರಲಿಲ್ಲ. ಅವರ ನೇಗಿಲನ್ನು ಕೊಂಡ ಒಕ್ಕಲಿಗನಾದರೋ ಪದವಿಯನ್ನು ಕೇಳಲಿಲ್ಲ. ನೇಗಿಲು ನೆಲವನ್ನು ಎಷ್ಟು ಆಳಕ್ಕೆ ಸೀಳುತ್ತದೆಂಬುದನ್ನು ನೋಡಿದನು.

ಆದರೆ ಇಂಥ ದೃಷ್ಟಾಂತಗಳಿಂದ ಒಂದು ಅಪಾಯವೂ ಉಂಟು. ಶಾಸ್ತ್ರವೇ ಬೇಡ, ಕೈಚಳಕ ಸಾಕು ಎಂದು ಕೆಲವರು ಇದರಿಂದ ಅರ್ಥಮಾಡಿಕೊಳ್ಳುತ್ತಾರೆ. ಮೂರು ತಿಂಗಳಲ್ಲಿ ಸಾಫ್ಟ್‌ವೇರ್ ಕಲಿಸಿ ಕೆಲಸ ಕೊಡಿಸುವೆವೆಂದು ಬೋರ್ಡು ಹಾಕಿದವರು ಈ ಅರ್ಥವನ್ನೇ ಮಾರುತ್ತಾರೆ. ಇದಕ್ಕೆ ಉತ್ತರವನ್ನು ಮಹಾಭಾಷ್ಯದ ಇನ್ನೊಂದು ಕಥೆಯಲ್ಲಿ ಕಾಣಬಹುದು. ವೈಯಾಕರಣನೊಬ್ಬನು ಒಂದು ರಥವನ್ನು ಕಂಡು, ಇದರ ಪ್ರವೇತೃವು ಯಾರು, ಅಂದರೆ ಇದನ್ನು ನಡೆಸುವವನು ಯಾರು ಎಂದು ಕೇಳಿದನಂತೆ. ಸೂತನು ಮುಂದೆ ಬಂದು, ಪ್ರಾಜಿತೃವು ತಾನೇ ಎಂದನು. ಅದು ಅಪಶಬ್ದವೆಂದು ವೈಯಾಕರಣನು ಆಕ್ಷೇಪಿಸಿದನು. ಸೂತನು ಕುಗ್ಗಲಿಲ್ಲ: ಸೂತ್ರದಿಂದ ಯಾವುದು ಬರುತ್ತದೆಂಬುದು ಪಂಡಿತರಿಗೆ ಗೊತ್ತು, ಯಾವ ರೂಪವು ಶಿಷ್ಟರಿಗೆ ಇಷ್ಟವೆಂಬುದು ಗೊತ್ತಿಲ್ಲ ಎಂದುಬಿಟ್ಟನು. ವೈಯಾಕರಣನು ರೇಗಿ ಅವನನ್ನು ಬಯ್ದನು. ಸೂತನು ಆ ಬೈಗುಳದಲ್ಲಿಯೂ ಧಾತುವಿನ ತಪ್ಪನ್ನು ಹಿಡಿದು, ನಿಂದಿಸುವುದೇ ಆದರೆ ಯಾವ ರೂಪವನ್ನು ಬಳಸಬೇಕೆಂದು ತಿದ್ದಿಕೊಟ್ಟನು.

ಈ ಕಥೆಯನ್ನು ಓದಿ ನಗದ ವಿದ್ಯಾರ್ಥಿಯಿಲ್ಲ. ಆದರೆ ಸೂತನು ಗೆದ್ದದ್ದು ಯಾವುದರಿಂದ ಎಂಬುದನ್ನು ಎಲ್ಲರೂ ಯೋಚಿಸುವುದಿಲ್ಲ. "ನನಗೆ ಕುದುರೆ ಗೊತ್ತು, ನಿನ್ನ ವ್ಯಾಕರಣ ಯಾರಿಗೆ ಬೇಕು" ಎಂದು ಅವನು ಹೇಳಬಹುದಾಗಿತ್ತು. ಹಾಗೆ ಹೇಳಿದ್ದರೆ ಪತಂಜಲಿಯು ಅವನನ್ನು ಸ್ಮರಿಸುತ್ತಿರಲಿಲ್ಲ. ಅವನು ವ್ಯಾಕರಣದಿಂದಲೇ ವೈಯಾಕರಣನನ್ನು ಗೆದ್ದನು. ಗುರುಕುಲದ ಹೊರಗಿದ್ದವನು ಗುರುಕುಲದವನಿಗಿಂತ ಸೂಕ್ಷ್ಮವಾಗಿ ಶಾಸ್ತ್ರವನ್ನು ತಿಳಿದಿದ್ದನು. ಪದವಿಯಿಲ್ಲದೆ ತಾಂತ್ರಿಕ ವೃತ್ತಿಗೆ ಹೊರಟವನಿಗೆ ಪದವಿಯ ಋಣವು ಮಾಫಿಯಾಗಬಹುದು. ವಿದ್ಯೆಯ ಋಣವು ಮಾಫಿಯಾಗುವುದಿಲ್ಲ. ಲೇತಿನ ಕೆಲಸಕ್ಕೆ ಹೋದವನು ಉಕ್ಕಿನ ಜಾತಿಗಳನ್ನೂ, ಬಿಸಿಗೆ ಲೋಹವು ಹಿಗ್ಗುವ ಲೆಕ್ಕವನ್ನೂ ಇಂದಲ್ಲ ನಾಳೆ ಕಲಿಯಲೇಬೇಕು. ಪ್ರೋಗ್ರಾಂ ಬರೆಯುವವನು ಒಂದು ಭಾಷೆಯ ಪ್ರಯೋಗಗಳನ್ನು ಬಾಯಿಪಾಠಮಾಡಿ ನಿಲ್ಲುವಂತಿಲ್ಲ.

ಈಗ ಪೂರ್ವಪಕ್ಷವನ್ನು ಅದರ ಪೂರ್ಣಬಲದಲ್ಲಿ ಹೇಳಬೇಕು. ಪೀಣ್ಯದ ಕೆಲಸಗಾರನು ಒಂದು ಭಾಗಕ್ಕೆ ರಂಧ್ರವನ್ನು ಕೊರೆದರೆ ಅದನ್ನು ಪರೀಕ್ಷಿಸಲು ಒಂದು ಗೇಜು ಇರುತ್ತದೆ. ಅದರ ಒಂದು ತುದಿ ರಂಧ್ರದೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಕೂಡದು. ಆ ಗೇಜು ಕೊರೆದವನ ಕುಲಗೋತ್ರಗಳನ್ನು ಕೇಳುವುದಿಲ್ಲ. ಅದು ಪ್ರತ್ಯಕ್ಷ ಪ್ರಮಾಣ. ಪ್ರತ್ಯಕ್ಷವಿರುವಲ್ಲಿ ಪದವಿಯೆಂಬ ಅನುಮಾನವು ಬೇಕಿಲ್ಲ, ಒಪ್ಪಿದ ಮಾತು. ಆದರೆ ಎಲ್ಲ ಕೆಲಸಕ್ಕೂ ಇಂಥ ಗೇಜು ಎಲ್ಲಿದೆ? ಪ್ರೋಗ್ರಾಮಿನ ದೋಷವು ಬರೆದ ದಿನ ಕಾಣುವುದಿಲ್ಲ. ಇಸವಿಯನ್ನು ಎರಡೇ ಅಂಕೆಗಳಲ್ಲಿ ಬರೆದಿಟ್ಟ ಹಳೆಯ ಪ್ರೋಗ್ರಾಮುಗಳು ಹಲವು ದಶಕಗಳ ಕಾಲ ಸರಿಯಾಗಿಯೇ ನಡೆದವು. ೨೦೦೦ನೆಯ ಇಸವಿ ಹತ್ತಿರ ಬಂದಾಗ ಬ್ಯಾಂಕುಗಳೂ ಸರ್ಕಾರಗಳೂ ನಿದ್ದೆಗೆಟ್ಟವು. ಕಣ್ಣಿಗೆ ಕಾಣದ ದೋಷವನ್ನು ಮೊದಲೇ ಊಹಿಸುವ ಬುದ್ಧಿಯು ಕ್ರಮವಾದ ವ್ಯಾಸಂಗದಿಂದಲ್ಲವೆ ಬರುವುದು? ತಪ್ಪಿನ ಫಲವನ್ನು ಉಣ್ಣುವವನು ಬರೆದವನಲ್ಲ, ಎಲ್ಲಿಯೋ ಇರುವ ಮೂರನೆಯವನು. ಅವನು ಬಂದು ಪರೀಕ್ಷೆ ಮಾಡಲಾರನು. ಅವನ ಪರವಾಗಿ ಪದವಿಯೆಂಬ ಬೇಲಿಯಿರಬೇಡವೆ?

ಈ ಆಕ್ಷೇಪವು ಹಗುರವಾದದ್ದಲ್ಲ. ಸಮಾಧಾನವು ಎರಡು ಬಗೆಯಾಗಿದೆ. ಇಸವಿಯ ದೋಷವನ್ನು ಮಾಡಿದವರು ಆ ಕಾಲದ ಕಳಪೆಯ ಜನರಲ್ಲ. ಕಂಪ್ಯೂಟರಿನ ಜ್ಞಾಪಕಸ್ಥಾನವು ಬಹಳ ಬೆಲೆಯದಾಗಿದ್ದಾಗ ಎರಡು ಅಂಕೆಗಳನ್ನು ಉಳಿಸಿದ್ದು ಜಾಣತನವೆಂದೇ ಎಣಿಕೆಯಾಗಿತ್ತು. ಅದನ್ನು ತಿದ್ದುವ ಕೆಲಸವು ೧೯೯೦ರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ಹೊಳೆಯಾಗಿ ಹರಿದುಬಂದಿತು. ಆಗ ಭೌತವಿಜ್ಞಾನ, ಗಣಿತ, ವಾಣಿಜ್ಯಗಳನ್ನು ಓದಿದ ಎಷ್ಟೋ ತರುಣರು ಕೋಬಾಲ್ ಎಂಬ ಹಳೆಯ ಭಾಷೆಯನ್ನು ಕೆಲವು ತಿಂಗಳಲ್ಲಿ ಕಲಿತು, ಸಾಲುಸಾಲಾಗಿ ಓದಿ ತಿದ್ದಿದರು. ಪದವಿಯಿಲ್ಲದವರು ಬಲ್ಲವರ ದೋಷವನ್ನು ತಿದ್ದಲು ಬಂದದ್ದೂ ಚರಿತ್ರೆಯಲ್ಲಿದೆ. ಇದಕ್ಕಿಂತ ಮುಖ್ಯವಾದದ್ದು ಎರಡನೆಯದು. ಎಲ್ಲಿ ಅಪಾಯವು ಹೆಚ್ಚೋ ಅಲ್ಲಿ ಬೇಲಿಯನ್ನು ಕೆಲಸದ ಸುತ್ತ ಕಟ್ಟುವುದೇ ಉಚಿತ, ಮನುಷ್ಯನ ಸುತ್ತ ಕಟ್ಟಿದ ಬೇಲಿಯು ಸಾಲದು. ವಿಮಾನಗಳಲ್ಲಿ ನಡೆಯುವ ಪ್ರೋಗ್ರಾಮುಗಳಿಗೆ ಬರೆದವನ ಪದವಿಯು ಎಷ್ಟೇ ದೊಡ್ಡದಿದ್ದರೂ ವಿನಾಯಿತಿಯಿಲ್ಲ. ಬರೆದ ಸಾಲುಗಳು ಪರೀಕ್ಷೆಯಲ್ಲಿ ನಡೆದವೋ ಇಲ್ಲವೋ ಎಂಬುದಕ್ಕೂ ಲೆಕ್ಕವನ್ನೊಪ್ಪಿಸಬೇಕು. ಪದವಿಯನ್ನು ನೋಡಿ ಕೆಲಸವನ್ನು ನೋಡದೆ ಬಿಟ್ಟ ಅಧಿಕಾರಿಯು ಆ ಮೂರನೆಯವನನ್ನು ಕಾಪಾಡಿದಂತಾಗಲಿಲ್ಲ. ತನ್ನ ಶ್ರಮವನ್ನು ಉಳಿಸಿಕೊಂಡನು, ಅಷ್ಟೆ. ಆದರೂ ಒಂದನ್ನು ಒಪ್ಪಬೇಕು. ಸೇತುವೆಯ ಭಾರವನ್ನು ಲೆಕ್ಕಹಾಕುವ, ರೋಗಿಯ ದೇಹಕ್ಕೆ ಜೋಡಿಸುವ ಯಂತ್ರವನ್ನು ರಚಿಸುವ ಸ್ಥಾನಗಳಲ್ಲಿ ಪರೀಕ್ಷೆಗೆ ಮುಂಚೆಯೇ ವಿದ್ಯೆಯ ನಿಶ್ಚಯವು ಬೇಕು. ಅಲ್ಲಿಗೆ ತನ್ನಷ್ಟಕ್ಕೆ ತಾನೇ ಕಲಿತವನು ನೇರವಾಗಿ ನುಗ್ಗುವೆನೆಂದರೆ ಅದು ಧೈರ್ಯವಲ್ಲ. ಮೆಟ್ಟಿಲುಗಳನ್ನು ಹತ್ತಿಯೇ ಹೋಗಬೇಕು.

ಮೆಟ್ಟಿಲುಗಳು ಇಲ್ಲವೆ? ಇವೆ. ಡೆನ್ಮಾರ್ಕ್ ದೇಶದ ಸಹಾಯದಿಂದ ೧೯೭೨ರಲ್ಲಿ ರಾಜಾಜಿನಗರದಲ್ಲಿ ಸ್ಥಾಪಿತವಾದ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ, ೧೯೫೯ರಲ್ಲಿ ತಲಶ್ಶೇರಿಯ ನೆಟ್ಟೂರಿನಲ್ಲಿ ಸ್ವಿಸ್ ಸಹಾಯದಿಂದ ಹುಟ್ಟಿ ಪೀಣ್ಯಕ್ಕೂ ಬಂದ ಎನ್.ಟಿ.ಟಿ.ಎಫ್., ೨೦೦೭ರಲ್ಲಿ ಬಿಡದಿಯಲ್ಲಿ ಆರಂಭವಾಗಿ ಹತ್ತನೆಯ ತರಗತಿ ಮುಗಿಸಿದ ಬಡ ಮಕ್ಕಳನ್ನು ಸೇರಿಸಿಕೊಳ್ಳುವ ಟೊಯೋಟಾ ತರಬೇತಿ ಶಾಲೆ, ಇವು ಕೈಯಿಂದ ಮೊದಲುಮಾಡಿ ಬುದ್ಧಿಗೆ ಏರುವ ಮಾರ್ಗಗಳು. ಆದರೆ ಇವುಗಳ ಬಾಗಿಲು ಎಳೆಯರಿಗೆ ಮಾತ್ರ. ಸಾಫ್ಟ್‌ವೇರಿನಲ್ಲಿ ೧೯೯೫ರ ಒಂದು ಪ್ರಯತ್ನವು ಹೆಚ್ಚು ವಿಚಾರಾರ್ಹವಾದದ್ದು. ಆ ವರ್ಷ ವಿಪ್ರೋ ಸಂಸ್ಥೆಯು ಪಿಲಾನಿಯ ಬಿಟ್ಸ್ ವಿದ್ಯಾಸಂಸ್ಥೆಯೊಡನೆ ಸೇರಿ, ಬಿ.ಎಸ್‌ಸಿ. ಮುಂತಾದ ಪದವೀಧರರನ್ನು ನೇರವಾಗಿ ಕೆಲಸಕ್ಕೆ ತೆಗೆದುಕೊಂಡು, ವಾರದ ದಿನಗಳಲ್ಲಿ ಕೆಲಸವನ್ನೂ ವಾರದ ಕೊನೆಯಲ್ಲಿ ಪಾಠವನ್ನೂ ಕೊಟ್ಟು, ನಾಲ್ಕು ವರ್ಷಕ್ಕೆ ಸಾಫ್ಟ್‌ವೇರ್ ವಿದ್ಯೆಯ ಸ್ನಾತಕೋತ್ತರ ಪದವಿಗೆ ತಲಪಿಸುವ ಕ್ರಮವನ್ನು ಏರ್ಪಡಿಸಿತು. ರಥಕಾರನಿಗೆ ಕರ್ಮವು ಮೊದಲು, ಮಂತ್ರವು ಅದರ ಬೆನ್ನಿಗೆ ಎಂದ ಮೀಮಾಂಸಕರ ನಿರ್ಣಯಕ್ಕೆ ಇಷ್ಟು ಸಮೀಪದ ಉದಾಹರಣೆ ಇನ್ನೊಂದು ಸಿಕ್ಕುವುದು ಕಷ್ಟ. ಆದರೆ ಪದವಿಯಿಲ್ಲದೆ ಒಳಗೆ ಬಂದವನನ್ನು ಪದವಿಯಿಲ್ಲದೆ ಹೊರಗೆ ಕಳುಹಿಸಲು ಆ ಏರ್ಪಾಟಿಗೂ ಮನಸ್ಸಾಗಲಿಲ್ಲವೆಂಬುದನ್ನು ನೋಡಿದರೆ, ಪತ್ರದ ಮೋಹವು ಎಷ್ಟು ಆಳವಾದದ್ದೆಂದು ತಿಳಿಯುತ್ತದೆ. ೨೦೨೦ರಲ್ಲಿ ಮದರಾಸಿನ ಐ.ಐ.ಟಿ.ಯು ಆರಂಭಿಸಿದ ಪ್ರೋಗ್ರಾಮಿಂಗ್ ಮತ್ತು ದತ್ತಾಂಶವಿಜ್ಞಾನದ ಪದವಿಯಲ್ಲಿ ವಯಸ್ಸಿನ ಕಟ್ಟು ಇಲ್ಲ. ಮೊದಲು ನಾಲ್ಕು ವಾರದ ಪಾಠ, ಆ ಪಾಠದ ಮೇಲೆಯೇ ಪರೀಕ್ಷೆ, ತೇರ್ಗಡೆಯಾದವರಿಗೆಲ್ಲ ಪ್ರವೇಶ. ಮೂವತ್ತು ದಾಟಿದ ಅಂಗಡಿಯ ಗುಮಾಸ್ತನಿಗೂ ಎರಡು ಮಕ್ಕಳ ತಾಯಿಗೂ ಇದು ಸಲ್ಲುವ ಬಾಗಿಲು.

ಇಷ್ಟಾದರೂ ಹೆಚ್ಚು ಮಂದಿಗೆ ಈ ಬಾಗಿಲುಗಳು ತಿಳಿದಿಲ್ಲ, ಅಥವಾ ಅವುಗಳ ಮುಂದೆ ಕಾಯುವಷ್ಟು ಅವಕಾಶವಿಲ್ಲ. ಅಂಥವನ ಕಿವಿಯಲ್ಲಿ ಇನ್ನೊಂದು ಮಾತನ್ನು ಉಸುರುವವರು ಬೆಂಗಳೂರಿನಲ್ಲಿದ್ದಾರೆ. ಇಷ್ಟು ಹಣವಾದರೆ ಮೂರು ವರ್ಷದ ಅನುಭವದ ಪತ್ರ, ಸಂಬಳದ ಚೀಟಿಗಳ ಸಮೇತ. ಈ ವಿಷಯದ ಧರ್ಮಸಂಕಟವೆಲ್ಲ ನಿಜವಾಗಿ ಇಲ್ಲಿಯೇ ಇದೆ. ಆ ತರುಣನು ಕೆಲಸವನ್ನು ಬಲ್ಲನೆಂದೇ ಇಟ್ಟುಕೊಳ್ಳೋಣ. ಅವನ ಅರ್ಜಿಯನ್ನು ಮನುಷ್ಯನೊಬ್ಬನು ಓದುವುದಕ್ಕೆ ಮೊದಲೇ 'ಪದವಿಯಿಲ್ಲ, ಅನುಭವವಿಲ್ಲ' ಎಂದು ಯಂತ್ರವು ತೆಗೆದುಹಾಕುತ್ತದೆ. ನಿಜವನ್ನು ಹೇಳಿದರೆ ಕೇಳುವವರೇ ಇಲ್ಲ. ಸುಳ್ಳು ಹೇಳಿದರೆ ಒಳಗೆ ಕರೆದು ಕೆಲಸವನ್ನು ಪರೀಕ್ಷಿಸುತ್ತಾರೆ. ಪರೀಕ್ಷೆಯಲ್ಲಿ ಅವನು ಗೆಲ್ಲುತ್ತಾನೆ. ಹಾಗಾದರೆ ಆ ಸುಳ್ಳಿನಿಂದ ಯಾರಿಗೆ ನಷ್ಟವಾಯಿತು?

ಛಾಂದೋಗ್ಯದ ಸತ್ಯಕಾಮನ ಕಥೆಯನ್ನು ಇಲ್ಲಿ ಎಲ್ಲರೂ ನೆನೆಯುತ್ತಾರೆ. ಬ್ರಹ್ಮಚರ್ಯಕ್ಕೆ ಹೊರಟ ಹುಡುಗನು ಗೋತ್ರವನ್ನು ಕೇಳಿದಾಗ, ಅದು ತನಗೂ ತಿಳಿಯದೆಂದು ತಾಯಿ ಜಬಾಲೆ ಹೇಳಿದಳು. ಹುಡುಗನು ಹಾರಿದ್ರುಮತ ಗೌತಮರ ಮುಂದೆ ಅದನ್ನು ಇದ್ದಂತೆ ಹೇಳಿದನು. ಯಾವುದಾದರೊಂದು ಗೋತ್ರದ ಹೆಸರನ್ನು ಹೇಳಿಬಿಟ್ಟಿದ್ದರೆ ಗೌತಮರು ವಿಚಾರಿಸಲು ಎಲ್ಲಿಗೂ ಹೋಗುತ್ತಿರಲಿಲ್ಲ. ಅವನು ಸತ್ಯದಿಂದ ಜಾರಲಿಲ್ಲವೆಂಬುದನ್ನೇ ಅವನ ಗೋತ್ರವೆಂದು ಅವರು ತೆಗೆದುಕೊಂಡರು. ಹುಡುಗನ ಸತ್ಯವನ್ನು ಮಾತ್ರ ಹೊಗಳಿ ಈ ಕಥೆಯನ್ನು ಮುಗಿಸುವುದು ವಾಡಿಕೆ. ಆದರೆ ಈ ಕಥೆಗೆ ಇಬ್ಬರು ಬೇಕಾದರು. ಗೌತಮರು ಕುಳಿತು ಕೇಳದಿದ್ದರೆ, ಗೋತ್ರದ ಕಾಲಂ ಖಾಲಿಯಿದೆಯೆಂದು ಬಾಗಿಲಿನಲ್ಲಿಯೇ ಹಿಂದಕ್ಕೆ ಕಳುಹಿಸಿದ್ದರೆ, ಸತ್ಯಕಾಮನ ಸತ್ಯವು ಅವನಿಗೆ ಏನನ್ನು ತಂದುಕೊಡುತ್ತಿತ್ತು? ಸತ್ಯವನ್ನು ಹೇಳಿದವನಿಗೆ ಹೇಳಿದ್ದರಿಂದಲೇ ನಷ್ಟವಾಗುವಂತೆ ಏರ್ಪಾಟು ಮಾಡಿದವರು, ಮುಂದೆ ಬರುವ ಸುಳ್ಳಿನಲ್ಲಿ ಪಾಲುದಾರರಲ್ಲವೆಂದು ಹೇಳಿಕೊಳ್ಳಲಾರರು.

ಹಾಗೆಂದು ತರುಣನ ಸುಳ್ಳಿಗೆ ಮನ್ನಣೆಯಿಲ್ಲ. ಭವಿಷ್ಯನಿಧಿಯ ದಾಖಲೆಯಿಂದ ಅದು ಎಂದಾದರೂ ಹೊರಬೀಳುತ್ತದೆಂಬುದು ಲೌಕಿಕವಾದ ಕಾರಣ, ಅದು ಮುಖ್ಯವಲ್ಲ. ನಷ್ಟವಾದದ್ದು ಯಾರಿಗೆಂದರೆ, ಅವನ ಹಿಂದೆ ಪದವಿಯಿಲ್ಲದೆ, ಪತ್ರವನ್ನೂ ಕೊಳ್ಳದೆ ಬರುವ ಇನ್ನೊಬ್ಬನಿಗೆ. ಒಂದು ಸುಳ್ಳು ಪತ್ರವು ಸಿಕ್ಕಿಬಿದ್ದ ಕಚೇರಿಯು ಅಂಥ ಹತ್ತು ನಿಜವಾದ ಅರ್ಜಿಗಳಿಗೆ ಬಾಗಿಲನ್ನು ಹಾಕುತ್ತದೆ. ಪದವಿಯುಳ್ಳವನ ಮಾತಿಗೆ ವಿಶ್ವವಿದ್ಯಾಲಯವು ಜಾಮೀನು ನಿಂತಿದೆ. ಇಲ್ಲದವನ ಮಾತಿಗೆ ಅವನ ಮಾತೇ ಜಾಮೀನು. ಜಾಮೀನನ್ನೇ ಒಡೆದವನು ಯಾವುದನ್ನು ಒತ್ತೆಯಿಟ್ಟು ವಿಶ್ವಾಸವನ್ನು ಕೇಳುತ್ತಾನೆ? "ಬರುವುದಿಷ್ಟು, ಬಾರದ್ದಿಷ್ಟು, ಮಾಡಿರುವ ಕೆಲಸ ಇದೋ ಇಲ್ಲಿದೆ" ಎಂದು ಹೇಳಿ ಕಡಿಮೆ ಸಂಬಳದ ಸಣ್ಣ ಕೆಲಸವನ್ನು ಹಿಡಿದವನು ನಿಧಾನವಾಗಿ ಮೇಲೇರುವುದನ್ನು ಪೀಣ್ಯದವರು ಕಂಡಿದ್ದಾರೆ. ಏರದೆ ಉಳಿದವರನ್ನೂ ಕಂಡಿದ್ದಾರೆ. ಅದನ್ನು ಮುಚ್ಚಿಡುವುದು ತರುಣರಿಗೆ ಮಾಡುವ ಉಪಕಾರವಲ್ಲ.

ಹಿರಿಯರೂ ಒಂದು ಮಾತನ್ನು ಕೇಳಿಕೊಳ್ಳಬೇಕಾಗಿದೆ. ಹಣ ಕಟ್ಟಿ ಕಾಲೇಜಿನ ಸೀಟನ್ನು ಕೊಳ್ಳಲು ಹೊಲವನ್ನು ಒತ್ತೆಯಿಡುವ ಮನೆಯು, ಅದೇ ಹುಡುಗನು ಎರಡು ವರ್ಷ ಸಂಬಳವಿಲ್ಲದೆ ಕಲಿಯುತ್ತೇನೆಂದರೆ ದಂಡವೆನ್ನುತ್ತದೆ. ಮೊದಲನೆಯದರಲ್ಲಿ ಕೊನೆಗೆ ಒಂದು ಪತ್ರವಾದರೂ ಗೋಡೆಯ ಮೇಲೆ ಉಳಿಯುತ್ತದೆಂಬ ಸಮಾಧಾನವಿರಬಹುದು.

ಸತ್ಯಕಾಮನ ಕಥೆಯ ಉಳಿದ ಭಾಗವನ್ನು ಓದುವವರು ಕಡಿಮೆ. ಶಿಷ್ಯನಾಗಿ ಸ್ವೀಕರಿಸಿದ ದಿನವೇ ಗೌತಮರು ಅವನಿಗೆ ಪಾಠವನ್ನು ಹೇಳಲಿಲ್ಲ. ಬಡಕಲಾದ ನಾನ್ನೂರು ಹಸುಗಳನ್ನು ಒಪ್ಪಿಸಿದರು. ಅವು ಸಾವಿರವಾಗುವವರೆಗೆ ಹಿಂದಿರುಗುವುದಿಲ್ಲವೆಂದು ಹುಡುಗನು ಕಾಡಿಗೆ ಹೋದನು. ವರ್ಷಗಳು ಕಳೆದವು. ಅಲ್ಲಿ ವೃಷಭವೂ ಅಗ್ನಿಯೂ ಹಂಸವೂ ನೀರುಹಕ್ಕಿಯೂ ಒಂದೊಂದು ಪಾದದಂತೆ ಅವನಿಗೆ ವಿದ್ಯೆಯನ್ನು ಹೇಳಿಕೊಟ್ಟವು. ಮಂದೆಯೊಡನೆ ಹಿಂದಿರುಗಿ ಬಂದಾಗ ಅವನ ಮುಖವನ್ನು ನೋಡಿ, ಬಲ್ಲವನಂತೆ ಬೆಳಗುತ್ತಿದ್ದೀಯೆ, ಕಲಿಸಿದವರು ಯಾರು ಎಂದು ಗೌತಮರು ಕೇಳಿದರು. ಮನುಷ್ಯರಲ್ಲವೆಂದು ಅವನು ಇದ್ದದ್ದನ್ನು ಹೇಳಿದನು. ಹೇಳಿ, ಆದರೂ ಆಚಾರ್ಯರ ಬಾಯಿಂದ ಕಲಿಯಬೇಕೆಂದು ಕೇಳಿಕೊಂಡನು. ಗೌತಮರು ಅವನನ್ನು ಕೂರಿಸಿಕೊಂಡು, ಅವನು ಆಗಲೇ ಕಲಿತು ಬಂದಿದ್ದ ಆ ವಿದ್ಯೆಯನ್ನೇ ಮೊದಲಿನಿಂದ, ಏನೊಂದನ್ನೂ ಬಿಡದೆ ಹೇಳಿದರು.